ಪ್ರೇಮನಾಥರ ಮೊದಲ ಪ್ರಶ್ನೆ

ಬಹರೈನ್‌ನ ಹಿದ್ ಪಟ್ಟಣದ ಸರಕು ಸಾಗಣೆ ಕಂಪನಿಯೊಂದರಲ್ಲಿ ಮ್ಯಾನೇಜರ್ ಆಗಿದ್ದ ಪ್ರೇಮನಾಥರಿಗೆ ಅನ್ಯಾಯ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅದು ತಮಗೇ ಆಗಿರಬೇಕು, ಅಷ್ಟೇ. ಕೆಲಸ ಕೇಳಿಕೊಂಡು ಬಂದವರಿಗೆ ಅವರ ಮೊದಲ ಪ್ರಶ್ನೆ ಯಾವತ್ತೂ ಒಂದೇ: "ಊರೆಲ್ಲಿ? ಯಾವ ಮನೆ?" ಕಾಪು, ಪಡುಬಿದ್ರಿ ಕಡೆಯ ಮನೆಯ ಹೆಸರು ಬಂದರೆ ಚಹಾ ತರಿಸುತ್ತಿದ್ದರು. ಬಾರದಿದ್ದರೆ "ತಿಳಿಸ್ತೇವೆ" ಎಂದು ಎದ್ದು ನಿಲ್ಲುತ್ತಿದ್ದರು. ಹೀಗಾಗಿ ಆಫೀಸು ಊರಿನ ಮದುವೆ ಚಪ್ಪರದ ಹಾಗಿತ್ತು, ಎಲ್ಲರೂ ಒಂದಲ್ಲ ಒಂದು ರೀತಿ ನೆಂಟರು. ಇದಕ್ಕೆ ಪ್ರೇಮನಾಥರು ಇಟ್ಟ ಹೆಸರು ನಂಬಿಕೆ.

ಅದನ್ನೇ ಸರಕಾರ ಮಾಡಿದಾಗ ಮಾತ್ರ ತಾರತಮ್ಯವಾಯಿತು. ೨೦೦೯ರಲ್ಲಿ ಅವರು ಹೆಂಡತಿಯ ತಮ್ಮ ಸುಮಂತನನ್ನು ಮುಂಬಯಿಯ ಕೆಲಸ ಬಿಡಿಸಿ, ವಿಸಿಟ್ ವೀಸಾದಲ್ಲಿ ಕರೆಸಿಕೊಂಡಿದ್ದರು. ಬಂದರಿನ ಕೆಲಸ ನೋಡಿಕೊಳ್ಳುವ ಗುಮಾಸ್ತನ ಕುರ್ಚಿ ಅವನಿಗೆಂದೇ ಖಾಲಿ ಇತ್ತು. ಆದರೆ ಕಂಪನಿಯಲ್ಲಿ ಬಹರೈನಿಗಳು ಕಡಿಮೆ, ಸ್ಥಳೀಯರನ್ನು ಸೇರಿಸಿಕೊಳ್ಳದೆ ಹೊಸ ವೀಸಾ ಇಲ್ಲ ಎಂದು ಸರಕಾರದಿಂದ ಉತ್ತರ ಬಂತು.

"ಯೋಗ್ಯತೆ ನೋಡಬೇಕೋ, ಹುಟ್ಟಿದ ಊರು ನೋಡಬೇಕೋ?" ಎಂದು ಪ್ರೇಮನಾಥರು ಮನೆಯಲ್ಲಿ ಗುಡುಗಿದರು.

ಸೋಫಾದಲ್ಲಿ ಒರಗಿದ್ದ ಸುಮಂತ್ "ಹೌದು ಭಾವ" ಎಂದ. ಅವನ ಯೋಗ್ಯತೆ ಅಲ್ಲಿಗೆ ಮುಗಿಯುತ್ತಿತ್ತು.

"ಅಮ್ಮನಿಗೆ ಮಾತು ಕೊಟ್ಟದ್ದು ನೀವು," ಎಂದಳು ಹೆಂಡತಿ ಲೀಲಾಕ್ಷಿ. "ಇವನಿಗೆ ಕೆಲಸ ಆಗದಿದ್ರೆ ನಾನು ಯಾವ ಮುಖ ಹೊತ್ತು ಊರಿಗೆ ಹೋಗುದು?"

ಪ್ರೇಮನಾಥರು ಉಪಾಯ ಹೂಡಿದರು. ಪಕ್ಕದ ಮುಹರ್ರಕ್ ಊರಿನ ಝೈನಬ್ ಎಂಬ ಬಹರೈನಿ ಹುಡುಗಿಯನ್ನು ಸೇರಿಸಿಕೊಂಡು, ಆಫೀಸಿಗೆ ಬರುವ ತೊಂದರೆ ಬೇಡಮ್ಮ, ಸಂಬಳ ಮನೆಗೇ ಬರುತ್ತದೆ ಎಂದು ಹಿಂದಿಯಲ್ಲಿ ಹೇಳಿದರು. ಲೆಕ್ಕಕ್ಕೊಂದು ತಲೆ ಸಿಕ್ಕಿತು, ಇನ್ನು ಸುಮಂತನ ವೀಸಾ ಆದಂತೆಯೇ ಎಂದು ಹಿಗ್ಗಿದರು. ಈ ಬುದ್ಧಿವಂತಿಕೆಯಲ್ಲಿ ಇದ್ದದ್ದು ಒಂದೇ ಕೊರತೆ. ಝೈನಬ್‌ಗೆ ನಿಜವಾಗಿಯೂ ಕೆಲಸ ಬೇಕಿತ್ತು.

ಮರುದಿನವೇ ಬಂದಳು. ಮೇಜು ಕೊಡದೆ ಅವಳನ್ನು ತಮ್ಮ ಕೋಣೆಯ ಬಾಗಿಲ ಪಕ್ಕ ಕೂರಿಸಿದರು. ಒಳಗಿನ ಮಾತೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಅರಬಿ ಹುಡುಗಿಗೆ ನಮ್ಮ ಭಾಷೆ ಏನು ತಿಳಿದೀತು ಎಂಬ ಧೈರ್ಯ ಇವರಿಗೆ. ಕೂತು ಕೂತು ಬೇಸತ್ತು ಅವಳು ಬಂದರಿಗೆ ಹೋಗತೊಡಗಿದಳು. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದ್ದ ಕಂಟೇನರ್‌ಗಳು ಒಂದೊಂದಾಗಿ ಹೊರಬಂದವು.

"ಅವರವರೇ ಮಾತಾಡಿಕೊಂಡ್ರೆ ಆಗದೆ ಏನು? ಊರವರ ಪಕ್ಷಪಾತ," ಎಂದು ಪ್ರೇಮನಾಥರು ಮೂಗು ಮುರಿದರು. ಹೇಳುವಾಗ ನಾಚಿಕೆಯೂ ಆಗಲಿಲ್ಲ ಆ ಪುಣ್ಯಾತ್ಮರಿಗೆ.

ಕಂಪನಿಯ ಯಜಮಾನ ಮೂಗು ಮುರಿಯಲಿಲ್ಲ. ಬಂದರಿನ ಕೆಲಸವನ್ನೆಲ್ಲ ಝೈನಬ್‌ಗೆ ಒಪ್ಪಿಸಿ, ಅವಳ ಕೈಕೆಳಗಿನ ಗುಮಾಸ್ತನನ್ನು ಅವಳೇ ಆರಿಸಲಿ ಎಂದುಬಿಟ್ಟ. ವೀಸಾಕ್ಕೆ ಒಪ್ಪಿಗೆಯೂ ಅದೇ ವಾರ ಬಂತು.

ಸುಮಂತ್ ಭಾವನ ಟೈ ಕಟ್ಟಿಕೊಂಡು ಸಂದರ್ಶನಕ್ಕೆ ಬಂದ. ಪ್ರೇಮನಾಥರು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಝೈನಬ್ ಇಬ್ಬರನ್ನೂ ನೋಡಿ, ಬಾಗಿಲ ಪಕ್ಕ ಕಲಿತ ಕನ್ನಡದಲ್ಲಿ ಕೇಳಿದಳು: "ಊರೆಲ್ಲಿ? ಯಾವ ಮನೆ?"

ಸುಮಂತನ ಮುಖ ಅರಳಿತು. ಊರು, ಮನೆ, ಜೊತೆಗೆ ಇವರು ನನ್ನ ಭಾವ ಎಂಬುದನ್ನೂ ಹೇಳಿದ. ಪ್ರೇಮನಾಥರು ತಲೆ ತಗ್ಗಿಸಿದರು.

"ಬಂದರಿನ ಕೆಲಸ ಏನು ಗೊತ್ತು?" ಎಂದು ಅವಳು ಹಿಂದಿಯಲ್ಲಿ ಕೇಳಿದಳು.

ಸುಮಂತ್ ಭಾವನ ಮುಖ ನೋಡಿದ.

ಝೈನಬ್ ಎದ್ದು ನಿಂತು, ಮತ್ತೆ ಕನ್ನಡದಲ್ಲೇ "ತಿಳಿಸ್ತೇವೆ" ಎಂದಳು.

"ಪಾಪ, ಒಳ್ಳೆಯವಳು ಭಾವ, ಕನ್ನಡ ಎಲ್ಲ ಕಲಿತಿದ್ದಾಳೆ," ಎಂದ ಸುಮಂತ್ ಹೊರಗೆ ಬಂದು. "ಯಾವಾಗ ತಿಳಿಸ್ತಾಳೆ?"

"ತಿಳಿಸ್ತೇವೆ" ಎಂದು ಹೇಳಿ ಕಳಿಸಿದ ಒಬ್ಬರಿಗೂ ಪ್ರೇಮನಾಥರು ಈವರೆಗೆ ತಿಳಿಸಿರಲಿಲ್ಲ.