ಏಳು ಜನರಿಗಾಗಿ ಕೇಳಿದ ಗಾಡಿ

ಕೋವಿಡ್ ಮುಗಿದ ಮರುವರ್ಷ ನಾನು ಹಳೇ ಮದ್ರಾಸ್ ರಸ್ತೆಯ ಒಂದು ಕಾರ್ ಶೋರೂಮಿನಲ್ಲಿ ಸೀನಿಯರ್ ಸೇಲ್ಸ್ ಕನ್ಸಲ್ಟೆಂಟ್ ಆಗಿದ್ದೆ. ಗ್ರಾಹಕರ ದಿನದ ಓಡಾಟ, ಬಜೆಟ್, ಕೂರುವವರ ಸಂಖ್ಯೆ ಕೇಳಿ ತಿಳಿದು, ಅವರಿಗೆ ಒಪ್ಪುವ ಗಾಡಿ ತೋರಿಸುವುದು ನನ್ನ ಕೆಲಸ. ದುಬಾರಿ ಗಾಡಿಯನ್ನು ಯಾರ ತಲೆಗೂ ಕಟ್ಟುವವಳಲ್ಲ ಎಂಬ ಹೆಸರಿತ್ತು. ಆ ಹೆಸರಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಒಂದು ಮಂಗಳವಾರ ಬೆಳಿಗ್ಗೆ ಅನ್ವರ್ ಸಾಹೇಬರು ಬಂದರು. ವಯಸ್ಸು ಐವತ್ತೈದರ ಆಸುಪಾಸು. ಫ್ರೇಜರ್ ಟೌನಿನಲ್ಲಿ ಮನೆ, ಗರುಡಾಚಾರ್‌ಪಾಳ್ಯದಲ್ಲಿ ಸಣ್ಣದೊಂದು ಹೊಲಿಗೆ ಯೂನಿಟ್. ದಿನಾ ಹೋಗಿಬರಲು ಎಸ್‌ಯುವಿ ಬೇಕು, ಪೆಟ್ರೋಲ್ ಜಾಸ್ತಿ ಕುಡಿಯಬಾರದು ಅಂದರು. ಎಷ್ಟು ಜನ ಕೂರುತ್ತೀರಿ ಎಂದು ಕೇಳಿದೆ.

"ಏಳು ಜನ ಮೇಡಂ."

ಏಳು ಸೀಟಿನ ಗಾಡಿಯಲ್ಲೇ ಟೆಸ್ಟ್ ಡ್ರೈವ್ ಹೊರಟೆವು. ಟಿನ್ ಫ್ಯಾಕ್ಟರಿ ಹತ್ತಿರ ಎಂದಿನಂತೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಡ್ಯಾಶ್‌ಬೋರ್ಡಿನಲ್ಲಿ ಮೈಲೇಜ್ ಲೀಟರಿಗೆ ಒಂಬತ್ತು ಕಿಲೋಮೀಟರಿಗೆ ಇಳಿಯಿತು.

"ಮನೆಯವರೆಲ್ಲ ದಿನಾ ಜೊತೇಲಿ ಬರ್ತಾರಾ ಸಾರ್?" ಎಂದೆ.

"ಮನೇಲಿ ನಾನೊಬ್ಬನೇ ಇರೋದು."

ಅವರು ಮದುವೆಯಾಗಿರಲಿಲ್ಲ. ಮೊದಲು ತಮ್ಮ, ಅವನ ಹೆಂಡತಿ, ನಾಲ್ಕು ಮಕ್ಕಳ ಜೊತೆ ಒಂದೇ ಮನೆಯಲ್ಲಿದ್ದರು. ತಾಯಿ ತೀರಿಕೊಂಡ ಮೇಲೆ ಯಾವುದೋ ಮಾತಿಗೆ ಮನಸ್ತಾಪವಾಗಿ, ತಮ್ಮ ಸಂಸಾರ ಸಮೇತ ಕಲ್ಯಾಣನಗರಕ್ಕೆ ಹೋಗಿಬಿಟ್ಟಿದ್ದ. ಇಷ್ಟು ಹೇಳಿ ಅವರು ಗೇರ್ ಬದಲಿಸಿದರು. ನಾನು ಮುಂದೆ ಕೇಳಲಿಲ್ಲ. ನನ್ನ ತಲೆಯಲ್ಲಿ ಆಗಲೇ ಲೆಕ್ಕ ಓಡುತ್ತಿತ್ತು.

ಶೋರೂಮಿಗೆ ಮರಳಿದ ಮೇಲೆ ಕಾಗದ ತೆಗೆದು ಬರೆದು ತೋರಿಸಿದೆ. ದಿನಕ್ಕೆ ಇಪ್ಪತ್ತೆಂಟು ಕಿಲೋಮೀಟರ್, ಒಬ್ಬರ ಓಡಾಟ. ಐದು ಸೀಟಿನ ಚಿಕ್ಕ ಎಸ್‌ಯುವಿ ಇದೇ ಟ್ರಾಫಿಕ್ಕಿನಲ್ಲಿ ಹದಿನಾಲ್ಕು ಕೊಡುತ್ತದೆ. ಬೆಲೆಯೂ ಕಡಿಮೆ, ಅವರ ಬೀದಿಯಲ್ಲಿ ನಿಲ್ಲಿಸುವುದೂ ಸುಲಭ.

ಅವರು ಕಾಗದವನ್ನು ತುಂಬಾ ಹೊತ್ತು ನೋಡಿದರು. "ಹಿಂದಿನ ಸೀಟು ಖಾಲಿ ಇದ್ರೂ ಪೆಟ್ರೋಲ್ ಕುಡಿಯುತ್ತಾ?"

"ಗಾಡಿ ತೂಕ ಹಾಗೇ ಇರುತ್ತಲ್ವಾ ಸಾರ್. ಖಾಲಿ ಸೀಟು ಹೊತ್ಕೊಂಡು ಯಾಕೆ ಓಡಾಡ್ಬೇಕು?"

"ಸರಿ. ನೀವು ಹೇಳಿದ್ದೇ ಬುಕ್ ಮಾಡಿ."

ದೊಡ್ಡ ಗಾಡಿ ಕೈತಪ್ಪಿತೆಂದು ಮ್ಯಾನೇಜರ್ ಮುಖ ಸಿಂಡರಿಸಿದರು. ನಾನು ಮಾತ್ರ ಸಂತೋಷವಾಗಿಯೇ ಮನೆಗೆ ಹೋದೆ.

ಡೆಲಿವರಿ ದಿನ ಗ್ರಾಹಕರ ಕುಟುಂಬವನ್ನು ಗಾಡಿಯ ಮುಂದೆ ನಿಲ್ಲಿಸಿ ಫೋಟೊ ತೆಗೆಯುವುದು ನಮ್ಮಲ್ಲಿ ರೂಢಿ. ಅವರು ಒಬ್ಬರೇ ಬಂದಿದ್ದರು. ಬರೀ ಒಬ್ಬರ ಫೋಟೊ ಚೆನ್ನಾಗಿ ಕಾಣದೆಂದು ನಾವು ನಾಲ್ಕು ಜನ ಸಿಬ್ಬಂದಿ ಅಕ್ಕಪಕ್ಕ ನಿಂತೆವು. ಫೋಟೊ ಕಳಿಸುವುದು ಬೇಡ ಎಂದು ಹೇಳಿ ಅವರು ಹೊರಟರು.

ಆರು ತಿಂಗಳ ಸರ್ವಿಸಿಗೆ ಬಂದಾಗ ಕಾಯುವ ಕೋಣೆಯಲ್ಲಿ ಸಿಕ್ಕರು. ಗಾಡಿ ಹೇಗಿದೆ ಎಂದು ಉತ್ಸಾಹದಿಂದಲೇ ವಿಚಾರಿಸಿದೆ.

"ರಂಜಾನ್ ಹಬ್ಬದ ದಿನ ತಮ್ಮನ ಮನೆಗೆ ಹೋಗಿದ್ದೆ" ಅಂದರು. "ಅವನ ಚಿಕ್ಕ ಮಗಳು ಬಡೇ ಅಬ್ಬಾ ಮನೆಗೆ, ದೊಡ್ಡಪ್ಪನ ಮನೆಗೆ ಹೋಗೋಣ ಅಂತ ಹಟ ಹಿಡಿದ್ಲು. ತಮ್ಮನೂ ಕೊನೆಗೆ ಒಪ್ಕೊಂಡ. ಎಲ್ಲರೂ ಕೆಳಗೆ ಇಳಿದು ಬಂದ್ರು. ಮಕ್ಕಳು ಬೆಳೆದಿದಾರೆ, ಗಾಡೀಲಿ ಜಾಗ ಸಾಲಲಿಲ್ಲ. ನೀವು ಹೋಗಿರಿ ಭಾಯ್, ನಾವು ಹಿಂದೆ ಕ್ಯಾಬ್ ಮಾಡ್ಕೊಂಡು ಬರ್ತೀವಿ ಅಂದ."

"ಬಂದ್ರಾ ಸಾರ್?"

"ಸಂಜೆವರೆಗೂ ಬಿರಿಯಾನಿ ಬಿಸಿ ಮಾಡ್ತಾನೇ ಇದ್ದೆ." ಸರ್ವಿಸ್ ಬಿಲ್ ಕೈಗೆತ್ತಿಕೊಂಡು ಅಂದರು, "ಮೈಲೇಜ್ ಮಾತ್ರ ನೀವು ಹೇಳ್ದಷ್ಟೇ ಕೊಡ್ತಿದೆ ಮೇಡಂ."

ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಇದನ್ನು ಎಕ್ಸ್‌ಚೇಂಜಿಗೆ ಕೊಟ್ಟು ದೊಡ್ಡದು ತೆಗೆದುಕೊಳ್ಳಬಹುದು, ನಾನೇ ಮ್ಯಾನೇಜರ್ ಜೊತೆ ಮಾತಾಡುತ್ತೇನೆ ಎಂದೆ.

"ಈಗ ಯಾರಿಗೆ?" ಎಂದು ಅವರು ಸರ್ವಿಸ್ ಬಿಲ್ಲಿಗೆ ಸಹಿ ಹಾಕಿದರು.

ನಾನು ಕೆಲಸ ಬಿಟ್ಟು ಎರಡು ವರ್ಷವಾಯಿತು. ಯಾವ ಗಾಡಿ ಕೊಳ್ಳೋಣ ಎಂದು ಪರಿಚಯದವರು ಈಗಲೂ ಫೋನ್ ಮಾಡುತ್ತಾರೆ. ಮೈಲೇಜಿನ ಮಾತು ಆಮೇಲೆ; ಗಾಡಿ ಯಾಕೆ ಬೇಕು ಎಂದು ಮೊದಲು ಕೇಳುತ್ತೇನೆ. ಕೇಳಿದ ಮೇಲೆ ಅವರು ಹೇಳಿ ಮುಗಿಸುವವರೆಗೆ ಬಾಯಿ ಬಿಡುವುದಿಲ್ಲ.