ಮಾರದ ಮಜ್ಜಿಗೆ

ಮೊನ್ನೆ ಸೊಸೆ ಅಂಗಡಿಯಿಂದ ಮಜ್ಜಿಗೆ ಪ್ಯಾಕೆಟ್ಟು ತಂದಳು. ಮೂಲೆ ಕತ್ತರಿಸೋಣವೆಂದರೆ ಕತ್ತರಿ ಸಿಗಲಿಲ್ಲ, ಕಚ್ಚಿ ಹರಿಯೋಣವೆಂದರೆ ಹಲ್ಲಿಲ್ಲ. ಎಳೆದಾಡಿ ಹರಿಯುವಷ್ಟರಲ್ಲಿ ಅರ್ಧ ನನ್ನ ಸೀರೆಯ ಪಾಲಾಯಿತು. ಇಂಗು, ಶುಂಠಿಯ ವಾಸನೆ ಗಮ್ಮೆಂದು ಎದ್ದಿತು. ಅದರ ಹಿಂದೆಯೇ ದೊಡ್ಡಮ್ಮ ಬಂದರು... ನೆನಪಿಗೆ. ಅವರು ಹೋಗಿ ಎಷ್ಟೋ ಕಾಲವಾಯಿತು. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ದೊಡ್ಡಮ್ಮ ನನಗೆ ಬಳಗವಲ್ಲ, ಶಿಕಾರಿಪುರದಲ್ಲಿ ನಮ್ಮ ಮಗ್ಗುಲು ಮನೆಯವರು. ಐವತ್ತರ ದಶಕದ ಕೊನೆಗೆ ನಾನು ದಾವಣಗೆರೆ ಕಡೆಯಿಂದ ಸೊಸೆಯಾಗಿ ಆ ಬೀದಿಗೆ ಬಂದಾಗ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಒಂದು ಎಮ್ಮೆ ಇತ್ತು, ಬೆಣ್ಣೆ ಮಾರಿ ಬದುಕುತ್ತಿದ್ದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಸೊರಬದ ಮಾತು.

ನಾನು ಜೋಳದ ನುಚ್ಚು ಉಂಡು ಬೆಳೆದವಳು. ಮಜ್ಜಿಗೆ ಅಂದರೆ ನುಚ್ಚು ಗಂಟಲಲ್ಲಿ ಇಳಿಯಲಿ ಅಂತ ಹಾಕಿಕೊಳ್ಳುವ ಬಿಳಿ ನೀರು, ಅಷ್ಟೇ ನನಗೆ ಗೊತ್ತಿದ್ದದ್ದು. ದೊಡ್ಡಮ್ಮ ಮೊದಲ ವಾರವೇ ಒಂದೆಲಗದ ಸೊಪ್ಪು ರುಬ್ಬಿ, ಮಜ್ಜಿಗೆಗೆ ಕಲಸಿ, ತಂಬುಳಿ ಮಾಡಿ ತಂದುಕೊಟ್ಟರು. ಹಸಿರು ಬಣ್ಣ ನೋಡಿ ಇದೇನು ದನಕ್ಕೆ ಮಾಡಿದ್ದೋ ಅಂತ ಹಿಂದೆ ಸರಿದೆ.

"ಕುಡಿ ಮಾರಾಯ್ತಿ, ಸಾಯೂದಿಲ್ಲ" ಅಂದರು.

ಕುಡಿದೆ. ಆಮೇಲೆ ಬಟ್ಟಲು ಹಿಡಿದು ನಾನೇ ಹೋಗತೊಡಗಿದೆ. ಅವರ ಬರೀ ಮಜ್ಜಿಗೆಯ ರುಚಿಯೂ ಬೇರೆಯೇ. ಮಾವಿನ ಶುಂಠಿ ಜಜ್ಜಿ ಹಾಕುತ್ತಿದ್ದರು, ಗಂಟಲಲ್ಲಿ ಎಳೆ ಮಾವಿನಕಾಯಿಯ ಪರಿಮಳ ಉಳಿಯುತ್ತಿತ್ತು. ಸೊರಬದ ತವರಿನಿಂದ ಗಡ್ಡೆ ತರಿಸಿ ಹಿತ್ತಲಲ್ಲಿ ನೆಟ್ಟಿದ್ದರು. ಬೀದಿಯಲ್ಲಿ ಬೇರೆ ಯಾರ ಮನೆಯಲ್ಲೂ ಅದು ಇರಲಿಲ್ಲ.

ಬೆಣ್ಣೆ ಮಾರುತ್ತಿದ್ದವರು ಮಜ್ಜಿಗೆ ಮಾತ್ರ ಮಾರುತ್ತಿರಲಿಲ್ಲ. ಅವರ ತವರಿನಲ್ಲಿ ಅದು ತಲೆ ತಗ್ಗಿಸುವ ಕೆಲಸವಂತೆ. ಬೆಳಿಗ್ಗೆ ಕಡಗೋಲಿನ ಸದ್ದು ನಿಂತದ್ದೇ ತಡ, ಬೀದಿಯ ತಂಬಿಗೆಗಳೆಲ್ಲ ಅವರ ಜಗಲಿಯ ಮೇಲೆ ಸಾಲು ಹಿಡಿದು ಕೂರುತ್ತಿದ್ದವು. ಯಾರದೂ ಬರಿದಾಗಿ ಹೋಗುತ್ತಿರಲಿಲ್ಲ. ಏನಾದರೂ ಇಸಕೊಳ್ಳಿ ಎಂದು ನಾನು ಹೇಳಿದರೆ ನನ್ನನ್ನೇ ಗದರುತ್ತಿದ್ದರು.

"ನೀರು ಹಾಕಿದ್ದನ್ನ ಮಾರ್ತಾರನೇ?"

ಬಸ್ಸು ನಿಲ್ಲುವ ಕಡೆ ಒಂದು ಹೋಟೆಲು ಇತ್ತು. ಸಂತೆಯ ದಿನ ಅಲ್ಲಿಂದ ಒಬ್ಬ ದೊಡ್ಡ ಪಾತ್ರೆ ಹಿಡಿದು ಬರುತ್ತಿದ್ದ. ಮಾಲೀಕರ ಮನೆಗೆ ನೆಂಟರು ಬಂದಿದ್ದಾರೆ ಅನ್ನುತ್ತಿದ್ದ. ಪ್ರತಿ ಸಂತೆಗೂ ತಪ್ಪದೆ ಬರುವ ನೆಂಟರು ಯಾರಪ್ಪ ಅಂತ ನನಗೆ ಅನುಮಾನ. ಒಂದು ಸಂತೆಯ ದಿನ ನಮ್ಮ ಯಜಮಾನರು ಬಿಸಿಲಿಗೆ ಬಾಯಾರಿ ಅದೇ ಹೋಟೆಲಿಗೆ ಹೋಗಿ ಒಂದು ಲೋಟ ಮಜ್ಜಿಗೆ ಕುಡಿದು ಬಂದರು. ಮನೆಗೆ ಬಂದು ಅಂಗಿ ಕಳಚುತ್ತಲೇ, "ಅಲ್ಲಿ ಮಾರೋದು ದೊಡ್ಡಮ್ಮನ ಮಜ್ಜಿಗಿ ಕಣೇ. ಮಾವಿನ ಶುಂಠಿ ಸುಳ್ಳು ಹೇಳ್ತೈತೇನು?" ಅಂದರು.

ನನಗೆ ಮೈಯೆಲ್ಲ ಉರಿಯಿತು. ನಿಂತ ಕಾಲಲ್ಲೇ ಓಡಿಹೋಗಿ ದೊಡ್ಡಮ್ಮನಿಗೆ ಹೇಳಿದೆ. ಅವರು ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ತಿರುಗಿಯೂ ನೋಡಲಿಲ್ಲ.

"ಕುಡಿದೋರು ತಂಪಾದ್ರಲ್ಲ. ಬಿಡು."

ಮುಂದಿನ ಸಂತೆಗೂ ಆ ಪಾತ್ರೆ ಬಂತು. ಇವರು ತುಂಬಿಸಿಯೇ ಕಳಿಸಿದರು! ನಾನು ಎರಡು ದಿನ ಅವರ ಕೂಡ ಮಾತು ಬಿಟ್ಟೆ. ನಮ್ಮತ್ತೆ, "ಅವರ ಮಜ್ಜಿಗಿ, ಅವರ ಮನಿ. ನಿನಗ್ಯಾಕ ಸಂಕಟ?" ಅಂದರು.

ಆಮೇಲೆ ಚಹಾ ಕುಡಿಯುವವರು ಹೆಚ್ಚಾದರು. ಹೋಟೆಲಿಗೆ ಹಾಲು ಸಾಲದಾಯಿತು. ಮಾಲೀಕರು ದನ ಕಟ್ಟಿದ ಮನೆಗಳಿಗೆಲ್ಲ ತಾವೇ ಬಂದು ಹಾಲು ಗೊತ್ತು ಮಾಡಿಕೊಂಡರು. ಕರೆದ ಹಾಲು ಕರೆದ ಹಾಗೇ ಹೋಟೆಲಿಗೆ ಹೋಗತೊಡಗಿತು. ಹೆಪ್ಪು ಹಾಕುವುದಕ್ಕೆ ಹಾಲು ಉಳಿದರಲ್ಲವೇ ಮೊಸರು, ಮೊಸರಿದ್ದರಲ್ಲವೇ ಮಜ್ಜಿಗೆ? ಒಂದೊಂದೇ ಮನೆಯ ಕಡಗೋಲು ಗೂಟಕ್ಕೆ ನೇತುಬಿತ್ತು. ಮಜ್ಜಿಗೆ ಬೇಕಾದವರಿಗೆ ದೊಡ್ಡಮ್ಮ ಇದ್ದರಲ್ಲ.

ಅವರ ಜಗಲಿಗೂ ಮಾಲೀಕರು ಬಂದಿದ್ದರು. ನಾನು ಅಲ್ಲೇ ಅಕ್ಕಿ ಆರಿಸುತ್ತಿದ್ದೆ.

"ಹಾಲು ನಮಗ ಹಾಕ್ರೀ ದೊಡ್ಡಮ್ಮ. ಈ ವಯಸ್ಸಿಗೆ ಕಡೆಯೋ ಕಷ್ಟ ಯಾಕ್ರೀ?"

"ಹಾಲು ನಿಮಗೆ ಹಾಕಿದ್ರೆ ಕೇಳಿಕೊಂಡು ಬಂದೋರಿಗೆ ಎಂತ ಕೊಡ್ಲಿ?"

"ಕೇಳೋರು ಹೋಟ್ಲಿಗೆ ಬರ್ತಾರ್ ಬಿಡ್ರೀ."

ದೊಡ್ಡಮ್ಮ ಒಳಗೆ ಹೋಗಿ ಅವರಿಗೂ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ಆ ಮನುಷ್ಯ ಕುಡಿದು, ಬಾಯಿ ಒರೆಸಿಕೊಂಡು ಹೋದ. ಆ ಲೋಟ ಕಸಿದು ಚೆಲ್ಲಿಬಿಡಬೇಕು ಅನ್ನಿಸಿತ್ತು ನನಗೆ.

ಮರುವರ್ಷ ಬೇಸಿಗೆಯಲ್ಲಿ ಎಮ್ಮೆ ಹಾಲು ಬತ್ತಿಸಿತು. ಅದೇ ಹೊತ್ತಿಗೆ ದೊಡ್ಡಮ್ಮ ಜ್ವರ ಬಂದು ಮಲಗಿದರು. ಏನು ಕೊಟ್ಟರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಗಂಜಿಗೆ ಒಂದಿಷ್ಟು ಮಜ್ಜಿಗೆ ಹಾಕಿಕೊಡು, ಅದು ನಿಲ್ಲುತ್ತದೆ ಅಂದರು. ಅವರು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ತಂಬಿಗೆ ಹಿಡಿದು ಹೊರಟೆ. ದನವಿದ್ದ ಒಂದು ಮನೆಯನ್ನೂ ಬಿಡಲಿಲ್ಲ. ಎಲ್ಲ ಕಡೆಯೂ ಒಂದೇ ಮಾತು, ಹಾಲೆಲ್ಲ ಹೋಟ್ಲಿಗೆ ಹೋಗ್ತೈತಲ್ರೀ, ಕಡೆಯೋದು ಬಿಟ್ಟೇ ಬಿಟ್ಟೀವಿ. ಅವರು ಹೇಳಿದ್ದು ಸುಳ್ಳಲ್ಲ. ಆದರೂ ದಿನಾ ಬೆಳಗಾದರೆ ಜಗಲಿಗೆ ತಂಬಿಗೆ ಕಳಿಸುತ್ತಿದ್ದವರು ಇವರೇ. ಒಬ್ಬರಾದರೂ ಒಂದು ಹೊತ್ತಿನ ಹಾಲು ಉಳಿಸಿ ಹೆಪ್ಪು ಹಾಕುತ್ತೇನೆ ಅನ್ನಲಿಲ್ಲ. ಸೋತು ಬಂದು ಕೂತೆ. ಕೊನೆಗೆ ಯಜಮಾನರು ಹೋಟೆಲಿಗೇ ಹೋಗಿ, ಬೀದಿಯ ಹಾಲಿಗೆ ಅವರೇ ಹೆಪ್ಪು ಹಾಕಿ ಕಡೆದ ಮಜ್ಜಿಗೆ ಒಂದು ಚೊಂಬು ಕೊಂಡು ತಂದರು.

ಅತ್ತೆ ಗಂಜಿಗೆ ಕಲಸಿ ದೊಡ್ಡಮ್ಮನ ಬಾಯಿಯ ಹತ್ತಿರ ಹಿಡಿದರು. ವಾಸನೆಗೇ ಅವರಿಗೆ ಗೊತ್ತಾಯಿತೇನೋ.

"ಯಾರ ಮನೇದು?"

ನಾನು ಕಣ್ಸನ್ನೆ ಮಾಡಿದೆ. ನಮ್ಮತ್ತೆಗೆ ಸುಳ್ಳು ಹೇಳಿ ಗೊತ್ತಿಲ್ಲ. "ಹೋಟ್ಲಿಂದ ತರಿಸೀವ್ರೀ" ಅಂದುಬಿಟ್ಟರು. ದೊಡ್ಡಮ್ಮ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

ನಾನು ಬಾಯಿಗೆ ಬಂದ ಹಾಗೆ ಬಯ್ದೆ. ಸಾಯುವ ಹೊತ್ತಲ್ಲಿ ಇದೆಂಥ ಹಟ ಅಂದೆ. ಅವರಿಗೆ ಸಿಟ್ಟು ಬರಲಿಲ್ಲ, ಅದೂ ನನಗೆ ಸಿಟ್ಟೇ.

"ಹಟ ಅಲ್ಲ ಮಾರಾಯ್ತಿ" ಅಂದರು. "ಇಷ್ಟು ವರ್ಷ ಕೊಟ್ಟಿದ್ದು ಬೀದೀಲಿ ಎಲ್ಲೋ ಒಂದು ಕಡೆ ಇರ್ತದೆ ಅಂದ್ಕೊಂಡಿದ್ದೆ."

ಗಂಜಿಗೆ ಉಪ್ಪು, ನೀರು ಹಾಕಿಕೊಟ್ಟೆವು. ಎರಡು ಗುಟುಕು ಕುಡಿದರು. ಆ ವಾರವೇ ಸೊರಬದಿಂದ ಅವರ ತಮ್ಮ ಬಂದು ಗಾಡಿಯಲ್ಲಿ ಮಲಗಿಸಿಕೊಂಡು ಹೋದರು. ಎಮ್ಮೆಯನ್ನೂ ಹಿಂದೆ ಹೊಡೆಸಿಕೊಂಡು ಹೋದರು. ಮಳೆ ಹಿಡಿಯುವ ಮೊದಲೇ ಸುದ್ದಿ ಬಂತು... ಮಜ್ಜಿಗೆ ಕುಡಿದಿದ್ದರೆ ಉಳಿಯುತ್ತಿದ್ದರು ಅಂತಲ್ಲ. ಆದರೂ ಒಂದು ಬಟ್ಟಲು ಮಜ್ಜಿಗೆ, ಅದೂ ಆ ಬೀದಿಯಲ್ಲಿ, ಅದೂ ಅವರಿಗೆ...

ಸೊಸೆ ಕಾಯುತ್ತ ನಿಂತಿದ್ದಳು. "ಹೆಂಗೈತ್ರೀ ಅತ್ತಿ?" ಅಂದಳು.

ಪ್ಯಾಕೆಟ್ಟಿನಲ್ಲಿ ಉಳಿದಿದ್ದನ್ನು ಕುಡಿದೆ. ಹದವಾಗಿ ಹುಳಿಯಿತ್ತು, ತಂಪಾಗಿತ್ತು. ಕೆಟ್ಟದಾಗಿದ್ದರೆ ಬಯ್ದು ಹಗುರಾಗುತ್ತಿದ್ದೆ, ಹಾಳಾದ್ದು ಚೆನ್ನಾಗಿಯೇ ಇತ್ತು. ಚೆನ್ನಾಗೈತೆ ಅಂದೆ. ಹಾಗಾದರೆ ನಾಳೆಯೂ ತರುತ್ತೇನೆ ಅಂದಳು, ಪಾಪ.

ಸಂಜೆ ಎದುರು ಮನೆಯ ಹುಡುಗಿ ಬಟ್ಟಲು ಹಿಡಿದು ಬಂದಳು. ಅವರಜ್ಜಿಗೆ ಮೈ ಸರಿಯಿಲ್ಲ, ಒಂದಿಷ್ಟು ಮಜ್ಜಿಗೆ ಇದ್ದರೆ ಕೊಡಿ ಅಂದಳು. ಮನೆಯಲ್ಲಿ ಇರಲಿಲ್ಲ. "ಅಂಗಡಿಯಲ್ಲಿ ಸಿಗ್ತೈತೆ ನೋಡವ್ವ" ಅಂದೆ.