ಮೈಲಾರಿ ಮೇಸ್ತ್ರಿ ಹೂ ಕೇಳಲು ಹೋದದ್ದು

ನ್ಯಾಮತಿಯ ಗಾರೆ ಮೇಸ್ತ್ರಿ ಮೈಲಾರಿ ಕಣ್ಣಿಗೆ ಕಾಣದ್ದನ್ನು, ಕೈಗೆ ಸಿಗದ್ದನ್ನು ನಂಬಿದವನಲ್ಲ. ಯಾರಾದರೂ ಗೋಡೆ ಸೊಟ್ಟ ಎಂದರೆ ರಸಮಟ್ಟ ಇಟ್ಟು, ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಲ್ಲುವುದನ್ನು ತೋರಿಸಿ ಬಾಯಿ ಮುಚ್ಚಿಸುತ್ತಿದ್ದ. ಮೂವತ್ತು ವರ್ಷದಲ್ಲಿ ತನ್ನ ಕೆಲಸ ಒಂದು ನೂಲು ಆಚೀಚೆ ಆಗಿಲ್ಲವೆಂದು ಚನ್ನಗಿರಿಯವರೆಗೂ ಹೇಳಿಕೊಂಡು ಬಂದಿದ್ದ. ಹೆಂಡತಿ ದ್ಯಾಮಮ್ಮನಿಗೆ ಅದನ್ನು ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು.

ಮಗಳು ಅಂಬಿಕಾಳಿಗೆ ಜಗಳೂರಿನಿಂದ ಗಂಡು ಬಂತು. ಹುಡುಗ ಪ್ರಸನ್ನಕುಮಾರ್, ಲೈನ್‌ಮನ್. ಹುಡುಗಿ ಒಪ್ಪಿದಳು, ಮೈಲಾರಿಯೂ ಒಪ್ಪಿದ. ದ್ಯಾಮಮ್ಮ ಮಾತ್ರ, ದುರ್ಗಮ್ಮ ಬಲಗಡೆ ಹೂ ಕೊಡದೆ ತಾನು ತಾಂಬೂಲ ಮುಟ್ಟುವವಳಲ್ಲ ಎಂದು ಪಟ್ಟು ಹಿಡಿದು ಕೂತಳು.

"ಕೇಳು, ಬ್ಯಾಡ ಅಂದೋರ್ಯಾರು? ಹೂವು ಎತ್ತ ಭಾರ ಐತೋ ಅತ್ತ ಬೀಳ್ತೈತೆ," ಎಂದ ಮೈಲಾರಿ.

ಶುಕ್ರವಾರ ಕೆಲಸಕ್ಕೆ ಹೊರಟವನು ಸಾಮಾನಿನ ಚೀಲದ ಸಮೇತ ಹೆಂಡತಿ, ಮಗಳ ಜೊತೆ ದುರ್ಗಮ್ಮನ ಗುಡಿಗೆ ಬಂದ. ಪೂಜಾರಿ ಓಬಣ್ಣ ಅಮ್ಮನ ಎರಡೂ ಭುಜಕ್ಕೆ ಒದ್ದೆ ಸೇವಂತಿಗೆ ಅಂಟಿಸಿ ಗಂಟೆ ಬಾರಿಸಿದ. ಎಡಗಡೆಯದು ಪುಸಕ್ಕನೆ ಜಾರಿತು.

"ಮುಗೀತು. ಜಗಳೂರಿನೋರಿಗೆ ಬ್ಯಾಡ ಅಂತ ಹೇಳ್ಬಿಡ್ರಿ," ಎಂದಳು ದ್ಯಾಮಮ್ಮ. ಅಂಬಿಕಾಳ ಕಣ್ಣು ತುಂಬಿ ಬಂದವು.

ಮೈಲಾರಿ ಚೀಲದಿಂದ ರಸಮಟ್ಟ ತೆಗೆದ. "ಓಬಣ್ಣ, ಇದನ್ನ ಪೀಠದ ಮ್ಯಾಲೆ ಇಡು."

"ಅಮ್ಮನ್ನೂ ಅಳೀತೀಯೇನೋ ಮಾರಾಯ?" ಎನ್ನುತ್ತ ಓಬಣ್ಣ ಅದನ್ನು ಎಡೆಯಿಟ್ಟಂತೆ ಇಟ್ಟ. ಗುಳ್ಳೆ ಅಮ್ಮನ ಬಲಬದಿಗೆ ಓಡಿ ಕೂತಿತು.

ಗುಳ್ಳೆಯ ಭಾಷೆ ಅಲ್ಲಿ ಗೊತ್ತಿದ್ದದ್ದು ಮೈಲಾರಿಯೊಬ್ಬನಿಗೇ. ಗುಳ್ಳೆ ಓಡುವುದು ಯಾವಾಗಲೂ ಎತ್ತರದ ಕಡೆಗೆ. ಪೀಠದ ಎಡಬದಿ ಕುಸಿದಿತ್ತು. ಗೆದ್ದೆನೆಂದು ಹಿಗ್ಗುವ ಹಾಗಿರಲಿಲ್ಲ. ಎಂಟು ವರ್ಷದ ಹಿಂದೆ ಆ ಪೀಠ ಕೂರಿಸಿದವನು ಅವನೇ. ಸುಮ್ಮನಿದ್ದರೆ ಹೆಸರು ಉಳಿಯುತ್ತದೆ, ಮಗಳ ಸಂಬಂಧ ಮುರಿಯುತ್ತದೆ. ಅವನು ಮೂರು ಸಲ ಕೆಮ್ಮಿದ.

"ಪೀಠ ಎಡಕ್ಕೆ ವಾಲೈತೆ. ಹೂ ಜಾರಿದ್ದು ಅದಕ್ಕೆ. ತಳ ಗಟ್ಟಿ ಮಾಡ್ದೆ ಕೂರಿಸ್ಬಿಟ್ಟಿದ್ದೆ. ತಪ್ಪು ನಂದೇ."

ದ್ಯಾಮಮ್ಮ ಗಂಡನನ್ನು ಹೊಸಬನೆಂಬಂತೆ ಮೇಲಿಂದ ಕೆಳಗೆ ನೋಡಿದಳು.

"ನಿಮ್ಮನ್ನ ಕಟ್ಕಂಡು ಇಪ್ಪತ್ತಾರು ವರ್ಷ ಆತು. ತಪ್ಪು ನಂದು ಅಂದಿದ್ದು ಇವತ್ತೇ ಕೇಳಿದ್ದು. ಅಮ್ಮ ನಿಮ್ ಬಾಯಾಗೇ ನುಡಿಸಿದ್ಲು. ಇದಕ್ಕಿಂತ ದೊಡ್ಡ ಅಪ್ಪಣೆ ಬೇಕಾ? ಜಗಳೂರಿಗೆ ಫೋನ್ ಹಚ್ರಿ."

ನುಡಿಸಿದ್ದು ಅಮ್ಮನಲ್ಲ, ಗುಳ್ಳೆ ಎಂದು ವಾದಿಸಲು ಮೈಲಾರಿ ಬಾಯಿ ತೆರೆದ. ಅಂಬಿಕಾ ಹಿಂದಿನಿಂದ ಅವನ ಅಂಗಿ ಜಗ್ಗಿದಳು. ಅವನು ಬಾಯಿ ಮುಚ್ಚಿ ಫೋನ್ ತೆಗೆದ.